ಪೆಗ್ ಇಲ್ಲದೆ ಠೇಕಾ: ಕುಡಿತ ಬಿಟ್ಟ ಕೈಗೆ ಮತ್ತೆ ಲಯ ಕೂರಿಸಿದ ಬಗೆ

'ಒಂದು ಪೆಗ್ ಬಿದ್ದರೇನೇ ಕೈ ಓಡೋದು' ಎಂಬ ಮಾತು ತಬಲಾ ನುಡಿಸುವ ನಮ್ಮಲ್ಲಿ ಆರ್ಕೆಸ್ಟ್ರಾದವರಲ್ಲೂ ಇದೆ, ಭಜನೆಗೆ ಸಾಥ್ ಕೊಡುವವರಲ್ಲೂ ಇದೆ. ಅದು ಅರ್ಧ ನಿಜ. ದಿನಾ ಕುಡಿಯುವವನ ಮೈಯಲ್ಲಿ ಮದ್ಯದ ಅಂಶ ಕಡಿಮೆಯಾದಾಗ ಕೈ ನಡುಗುತ್ತದೆ, ಪೆಗ್ ಆ ನಡುಕವನ್ನು ತಡೆಯುತ್ತದೆ. ತಾನೇ ಕಿತ್ತುಕೊಂಡದ್ದನ್ನು ಎರಡು ಗಂಟೆಯ ಮಟ್ಟಿಗೆ ಸಾಲ ಕೊಟ್ಟಂತೆ. ನಂಬಿಕೆ ಬರದಿದ್ದರೆ ಮೊಬೈಲ್‌ನಲ್ಲಿ ಮೆಟ್ರೊನೋಮ್ (ಒಂದೇ ಲಯದಲ್ಲಿ ಟಿಕ್ ಟಿಕ್ ಎನ್ನುವ ಆ್ಯಪ್) ನಿಮಿಷಕ್ಕೆ 80 ಬಡಿತಕ್ಕೆ ಇಟ್ಟು, ಕುಡಿದ ದಿನದ ಐದು ನಿಮಿಷದ ತೀನ್‌ತಾಲ (ಹದಿನಾರು ಎಣಿಕೆಯ ತಾಳ) ರೆಕಾರ್ಡ್ ಮಾಡಿ, ಮರುದಿನ ಮಧ್ಯಾಹ್ನ ಕೇಳಿ. ನನ್ನದರಲ್ಲಿ ತಾಳದ ಖಾಲಿ ಭಾಗ (ಪೆಟ್ಟು ಹಗುರಾಗುವ ಜಾಗ) ಬಂದಾಗಲೆಲ್ಲ ಲಯ ಮುಂದೆ ಓಡುತ್ತಿತ್ತು, ಎಡಗೈಯ ಡಗ್ಗಾದ ಗುಮಕಿ, ಅಂದರೆ ಒತ್ತಿ ಏರಿಳಿಸುವ ನಾದ, ಸತ್ತಿತ್ತು. ನುಡಿಸುವಾಗ ಮಾತ್ರ ಅದ್ಭುತ ಅನ್ನಿಸಿತ್ತು!

ಬಿಡುವ ಮೊದಲ ವಾರ ಸಂಗೀತದ ವಿಷಯವೇ ಅಲ್ಲ, ವೈದ್ಯರ ವಿಷಯ. ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1957ರಲ್ಲಿ ಕೋಣೆ ಸೇರಿಕೊಂಡು ಹೆರಾಯಿನ್ ಬಿಟ್ಟ ಕಥೆಯನ್ನು ವಾದಕರು ಭಕ್ತಿಯಿಂದ ಹೇಳುತ್ತಾರೆ. ಅದನ್ನು ಅನುಕರಿಸಬೇಡಿ. ಹೆರಾಯಿನ್ ಬಿಟ್ಟ ಸಂಕಟ ನರಕವಾದರೂ ಅದರಿಂದ ಜೀವ ಹೋಗುವುದು ಅಪರೂಪ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವ ಹೋಗಬಹುದು. ಕೊನೆಯ ಗುಟುಕಿನ 6ರಿಂದ 24 ಗಂಟೆಯೊಳಗೆ ನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಬುದ್ಧಿ ತಪ್ಪುತ್ತದೆ. ಹಿಂದೆ ಫಿಟ್ಸ್ ಆದವರು, ಬೆಳಗ್ಗೆ ಎದ್ದ ಕೂಡಲೇ ಕುಡಿಯುವವರು ಆಸ್ಪತ್ರೆಯಲ್ಲೇ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದಿದ್ದರೆ 14446 ವ್ಯಸನಮುಕ್ತಿ ಸಹಾಯವಾಣಿ, 14416 ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ. ಗ್ಲೂಕೋಸ್ ಬಾಟಲಿ ಹಾಕುವ ಮುಂಚೆ ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಆಯಿತೇ ಎಂದು ಮನೆಯವರು ಕೇಳಲಿ. ಕುಡುಕರ ಮೈಯಲ್ಲಿ ಅದು ಬರಿದಾಗಿರುತ್ತದೆ, ಕೊರತೆ ಮೆದುಳಿಗೆ ತಟ್ಟುತ್ತದೆ. ನಡುಕ ಇಳಿಸುವ ಮಾತ್ರೆಯನ್ನು ವೈದ್ಯರು ಸುಮಾರು ವಾರದಲ್ಲಿ ಕಡಿಮೆ ಮಾಡುತ್ತ ನಿಲ್ಲಿಸುತ್ತಾರೆ. ಉಳಿದ ಸ್ಟ್ರಿಪ್ಪನ್ನು ತಬಲಾ ಚೀಲದಲ್ಲಿ ಇಟ್ಟುಕೊಳ್ಳಬೇಡಿ, ಅದೂ ಚಟವಾಗುತ್ತದೆ.

ಮತ್ತೆ ಕುಡಿಯದಿರಲೆಂದು ವೈದ್ಯರು ಮುಂದೆ ಕೊಡುವ ಮಾತ್ರೆಗಳಲ್ಲಿ ವಾದಕರು ಎಡವುವ ಜಾಗ ಎರಡು. ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್ ಕೊಟ್ಟಿದ್ದರೆ ಭುಜನೋವಿಗೆಂದು ಟ್ರಮಡಾಲ್ ನುಂಗುವಂತಿಲ್ಲ. ಎರಡೂ ಒಂದೇ ಜಾಗಕ್ಕೆ ಹೊಡೆದಾಡುತ್ತವೆ. ಡೈಸಲ್ಫಿರಾಂ ತೆಗೆದುಕೊಳ್ಳುವವರಿಗೆ ಕೊನೆಯ ಮಾತ್ರೆಯಾಗಿ ಎರಡು ವಾರದವರೆಗೂ ಮದ್ಯ ತಾಗಿದರೆ ಮುಖ ಕೆಂಪೇರಿ, ಎದೆ ಬಡಿದು, ವಾಂತಿಯಾಗಿ, ಬಿಪಿ ಬೀಳಬಹುದು. ಕೆಲವು ಕೆಮ್ಮಿನ ಸಿರಪ್, ಆಯುರ್ವೇದದ ಅರಿಷ್ಟ, ಆಸವ ಎಲ್ಲದರಲ್ಲೂ ಮದ್ಯಾಂಶ ಇರುತ್ತದೆ. ಹೆಂಡತಿಯೋ ತಾಯಿಯೋ ಈ ಡೈಸಲ್ಫಿರಾಂ ಮಾತ್ರೆಯನ್ನು ಸಾರಿನಲ್ಲಿ ಗುಟ್ಟಾಗಿ ಬೆರೆಸುವ ಪದ್ಧತಿ ನಮ್ಮ ಕಡೆ ಇದೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಅವನು ತಿಳಿಯದೆ ಕುಡಿದರೆ ಸಾಯಲೂಬಹುದು.

ಇನ್ನು ಕೈ. ಹತ್ತನೇ ದಿನದ ಸುಮಾರಿಗೆ ತಬಲಾ ಬಿಚ್ಚಿದೆ. ಅಂಗೈ ಕೆಳಗೆ ಮಾಡಿ ಚಾಚಿದ ಬೆರಳ ಮೇಲೆ ಒಂದು ಹಾಳೆ ಇಟ್ಟು ನೋಡುವುದು, ಅಂಚು ಪಟಪಟ ಅಂದರೆ ಅವತ್ತು ವೇಗ ಇಲ್ಲ. ಬೆಳಗ್ಗೆ 20 ನಿಮಿಷ, ಸಂಜೆ 20 ನಿಮಿಷ, ಅಷ್ಟೇ. ಮೊದಲ ಐದು ನಿಮಿಷ ಮೆಟ್ರೊನೋಮ್ 60ರಲ್ಲಿ ಬರೀ ನಾ, ತಿನ್ ಬೋಲ್‌ಗಳು. ಆಮೇಲೆ 'ಧಾ ಧಾ ತಿಟ ಧಾ ಧಾ ತಿನ್ ನಾ' ಕಾಯ್ದಾ (ಅಭ್ಯಾಸದ ಮೂಲ ಬೋಲ್‌ಸಾಲು), ಪಲ್ಟಾ (ಅದರ ಬದಲಾವಣೆಗಳು) ಇಲ್ಲದೆ, ಠಾಯಲ್ಲೇ, ಅಂದರೆ ಮೊದಲ ವೇಗದಲ್ಲೇ. ಮೂರು ದಿನ ಸತತ ಶುದ್ಧ ಬಂದರೆ 4 ಅಂಕ ಏರಿಸುವುದು. ವೇಗವಾಗಿ ನುಡಿಸುವ ಹಳೇ ರೇಲಾ ನೆನಪಾಗಿ ಕೈ ಬಿಟ್ಟರೆ ಮಣಿಕಟ್ಟು ಬಿಗಿಯುತ್ತದೆ. ಬಿಗಿದ ಕೂಡಲೇ 'ಕೈ ಹೋಯ್ತು' ಎಂಬ ಭಯ, ಭಯದ ಬೆನ್ನಿಗೇ ಬಾಟಲಿಯ ನೆನಪು. ಹಾಗಾಗಿ ನಿಧಾನ ಅನ್ನುವುದು ಇಲ್ಲಿ ಶಿಸ್ತಿಗಿಂತ ಹೆಚ್ಚಾಗಿ ಔಷಧ. ಚಹಾ ದಿನಕ್ಕೆ ಎರಡಕ್ಕೆ ಇಳಿಸಿದೆ, ಕೆಫೀನ್ ನಡುಕ ಹೆಚ್ಚಿಸುತ್ತದೆ. ವಾರಗಳು ಕಳೆದರೂ ನಡುಕ ನಿಲ್ಲದಿದ್ದರೆ ಥೈರಾಯ್ಡ್ ತೋರಿಸಿ. ಕೆಲವರಿಗೆ ಮನೆತನದಿಂದ ಬಂದ ನಡುಕವೂ ಇರುತ್ತದೆ, ಅದನ್ನು ಮದ್ಯ ತಾತ್ಕಾಲಿಕವಾಗಿ ಮುಚ್ಚಿಟ್ಟಿರುತ್ತದೆ. ಅದಕ್ಕೆ ಬೇರೆ ಮದ್ದಿದೆ. ಆದರೆ ಗೆಳೆಯ ಕೊಟ್ಟ ಪ್ರೊಪ್ರನೊಲಾಲ್ ಮಾತ್ರೆ ಬೇಡ, ಅಸ್ತಮಾ ಇದ್ದವರಿಗೆ ಅದು ಅಪಾಯ.

ಮೊದಲ 90 ದಿನ ರಾತ್ರಿ ಕಾರ್ಯಕ್ರಮ ಒಪ್ಪಲಿಲ್ಲ. ಗಣೇಶನ ಸೀಸನ್ ಕೈತಪ್ಪಿತು, ದುಡ್ಡು ಹೋಯಿತು, ಅದಕ್ಕೆ ಉಪಾಯವಿಲ್ಲ. ಆಮೇಲೆ ಹೋಗುವಾಗ ತಂಡದ ಟೆಂಪೊ ಹತ್ತದೆ ಸ್ವಂತ ಬೈಕು. ಏಳು ಗಂಟೆಗೇ ಹೊಟ್ಟೆ ತುಂಬ ಊಟ. ನೀರಿನ ಬಾಟಲಿ ನನ್ನದೇ, ಗ್ರೀನ್ ರೂಮಿನಲ್ಲಿ ಇಟ್ಟು ಹೋದ ಬಾಟಲಿಯನ್ನು ವಾಪಸ್ ಬಂದು ಕುಡಿಯುವುದಿಲ್ಲ. ಸಂಭಾವನೆ ಕೈಗಲ್ಲ, ಅಕ್ಕನ ಖಾತೆಗೆ. ನಿಜವಾದ ಗಂಡಾಂತರ ವೇದಿಕೆಯಲ್ಲಿಲ್ಲ, ಇಳಿದ ಮೇಲಿನ ಎರಡು ಗಂಟೆಯಲ್ಲಿದೆ. ಮೈ ಇನ್ನೂ ದ್ರುತ್‌ನ ವೇಗದಲ್ಲಿರುತ್ತದೆ, ಊರು ಮಲಗಿರುತ್ತದೆ, ತೆರೆದಿರುವುದು ಬಾಟಲಿ ಒಂದೇ. ಕೊನೆಯ ಹಾಡು ಮುಗಿದ 20 ನಿಮಿಷಕ್ಕೆ ಜಾಗ ಬಿಡಬೇಕು. ಆ ಹೊತ್ತಿನಲ್ಲಿ ಫೋನ್ ಎತ್ತುವ ಒಬ್ಬರನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಆಲ್ಕೋಹಾಲಿಕ್ಸ್ ಅನಾನಿಮಸ್ (ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಗುಂಪು) ಸಭೆಗಳಿಂದ ನನಗೆ ಸಿಕ್ಕ ಅತ್ಯಂತ ಉಪಯುಕ್ತ ವಸ್ತು ಅಂಥ ಒಂದು ನಂಬರು. ಮನೆಗೆ ಬಂದು ಬಿಸಿನೀರ ಸ್ನಾನ, ಮೊಸರನ್ನ.

'ಇನ್ನು ಯಾಕೆ ನುಡಿಸಬೇಕು' ಎಂಬ ಪ್ರಶ್ನೆ ಮೂರನೇ ತಿಂಗಳಿಗೆ ಬರುತ್ತದೆ. ಮೈ ಸುಧಾರಿಸಿ, ತಲೆ ಖಾಲಿಯಾದಾಗ. ಅದಕ್ಕೆ ಧ್ಯಾನ, ಡೈರಿ ಎಲ್ಲ ಮಾಡಿ ನೋಡಿ, ಬೇಡ ಅನ್ನುವುದಿಲ್ಲ. ನನ್ನಲ್ಲಿ ಕೆಲಸ ಮಾಡಿದ್ದು ಬೆಳಗ್ಗೆ ಆರೂವರೆಗೆ ತಬಲಾ ಕಲಿಯಲು ಬಂದು ಬಾಗಿಲ ಮುಂದೆ ಚಪ್ಪಲಿ ಬಿಡುವ ನಾಲ್ಕು ಮಕ್ಕಳು. ರಾತ್ರಿ ಕುಡಿದರೆ ಆರೂವರೆಗೆ ಏಳಲಾಗದು, ಎದ್ದರೂ ವಾಸನೆ ಬರುತ್ತದೆ. ಪಾಠ ವಾರಕ್ಕೆ ಮೂರು ದಿನವಾದರೂ ಇರಬೇಕು, ಒಂದೇ ದಿನವಾದರೆ ಉಳಿದ ಆರು ದಿನ ಸಡಿಲ. ಶುಲ್ಕ ಕಡಿಮೆಯಾದರೂ ಇರಲಿ, ಪುಕ್ಕಟೆ ಬೇಡ. ಪುಕ್ಕಟೆ ಪಾಠವನ್ನು ತಪ್ಪಿಸಲು ಇಬ್ಬರಿಗೂ ಸುಲಭ. ಕಲಿಸಲು ಕೆಹರ್ವಾ ತಾಳದಿಂದ ಶುರು ಮಾಡಿ: 'ಧಾ ಗೆ ನಾ ತಿ, ನಾ ಕ ಧಿ ನಾ', ಎಂಟೇ ಮಾತ್ರೆ, ಅಂದರೆ ಎಂಟು ಎಣಿಕೆ. ಮಗು ಹಾಡಿನ ಜೊತೆ ಬೇಗ ಕೂರುತ್ತದೆ, ನಿಮ್ಮ ಕೈಗೂ ಅದೇ ನಿಧಾನದ ಅಭ್ಯಾಸ.

ಜಾರಿದರೆ? ಡೈಸಲ್ಫಿರಾಂ ಮೇಲಿದ್ದು ಕುಡಿದಿದ್ದರೆ ನೇರ ಆಸ್ಪತ್ರೆ. ಇಲ್ಲದಿದ್ದರೆ ಅದೇ ರಾತ್ರಿ ಆ ನಂಬರಿಗೆ ಫೋನು, ಬೆಳಗಾಗುವವರೆಗೆ ಕಾಯುವುದಲ್ಲ. ಬೆಳಗ್ಗೆ ಮಕ್ಕಳ ಮನೆಗೆ 'ಇವತ್ತು ಪಾಠ ಇಲ್ಲ, ನಾಳೆ ಇದೆ' ಎಂದು ಹೇಳಿ, ಮೆಟ್ರೊನೋಮನ್ನು ಮತ್ತೆ 60ಕ್ಕೆ ಇಳಿಸಿ.