‘ಗಾಣದ ಎಣ್ಣೆ’ ನಮ್ಮದು ಎಂದು ನೋಟಿಸ್ ಬಂದರೆ

ಮರದ ಗಾಣದಲ್ಲಿ ತೆಗೆದ ಶೇಂಗಾ ಎಣ್ಣೆಯ ಬಾಟಲಿಗೆ ‘ಗಾಣದ ಎಣ್ಣೆ’ ಎಂದು ಚೀಟಿ ಅಂಟಿಸಿ ಮಾರುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಆ ಪದ ತಮ್ಮ ಕಕ್ಷಿದಾರರ ಟ್ರೇಡ್‌ಮಾರ್ಕ್, 15 ದಿನದೊಳಗೆ ಬಳಕೆ ನಿಲ್ಲಿಸಿ ಎಂದು ವಕೀಲರೊಬ್ಬರ ನೋಟಿಸ್ ಬರುತ್ತದೆ. ಹೆದರಿ ಚೀಟಿ ಕೀಳಬೇಡಿ, ನೋಟಿಸನ್ನು ಮೂಲೆಗೂ ಎಸೆಯಬೇಡಿ.

ಮೊದಲು ಹುಡುಕಿ. ಟ್ರೇಡ್‌ಮಾರ್ಕ್ ನೋಂದಣಿ ಮಾಡುವ ಸರ್ಕಾರಿ ಕಚೇರಿಯ ಐಪಿ ಇಂಡಿಯಾ ಜಾಲತಾಣದಲ್ಲಿ ಟ್ರೇಡ್‌ಮಾರ್ಕ್ ‘ಪಬ್ಲಿಕ್ ಸರ್ಚ್’ ಉಚಿತ. ನೋಟಿಸಿನಲ್ಲಿ ಅರ್ಜಿ ಸಂಖ್ಯೆ ಇಲ್ಲದಿದ್ದರೆ ಬರಹದಲ್ಲೇ ಕೇಳಿ. ಪದ ಕನ್ನಡದ್ದಾದರೂ ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿ. ‘ಗಾ’ಕ್ಕೆ ಒಂದು ‘ಎ’, ಎರಡು ‘ಎ’ ಹೀಗೆ ಎಲ್ಲ ಕಾಗುಣಿತಗಳನ್ನೂ ಹಾಕಿ ನೋಡಿ. ನೋಂದಣಿ ಸರಕಿನ ವರ್ಗದ ಪ್ರಕಾರ ಆಗುತ್ತದೆ: ಖಾದ್ಯ ತೈಲಕ್ಕೆ 29ನೇ ವರ್ಗ, ಮಸಾಲೆ ಪುಡಿಗೆ 30. ಸ್ಥಿತಿಯ ಕಡೆ ‘ಆಬ್ಜೆಕ್ಟೆಡ್’ (ಕಚೇರಿಯ ಆಕ್ಷೇಪ) ಅಥವಾ ‘ಒಪೋಸ್ಡ್’ (ಬೇರೆಯವರ ವಿರೋಧ) ಎಂದಿದ್ದರೆ ನೋಂದಣಿ ಇನ್ನೂ ಆಗಿಲ್ಲ. ಅರ್ಜಿ ಹಾಕಿದ್ದನ್ನೇ ಹಕ್ಕೆಂದು ಬಿಂಬಿಸುವವರು ಕಡಿಮೆಯಿಲ್ಲ.

ನೋಂದಣಿ ಯಾವುದಕ್ಕೆ? ಚಿತ್ರ, ಬಣ್ಣ, ಅಕ್ಷರ ಸೇರಿದ ಇಡೀ ಲೇಬಲ್ ನೋಂದಣಿಯಾಗಿದ್ದರೆ, 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 17ನೇ ಕಲಂ ಪ್ರಕಾರ ಅದರೊಳಗಿನ ಸಾಮಾನ್ಯ ಪದದ ಮೇಲೆ ಪ್ರತ್ಯೇಕ ಹಕ್ಕು ಬರುವುದಿಲ್ಲ. ಜನ ಎಡವುವುದು ಹೆಚ್ಚಾಗಿ ಇಲ್ಲೇ.

ಪದ ಏನು ಹೇಳುತ್ತದೆ? ಸರಕಿನ ಬಗೆ, ಗುಣ, ಊರು ಇಂಥವನ್ನಷ್ಟೇ ಹೇಳುವ ಪದಕ್ಕೆ 9ನೇ ಕಲಂ ನೋಂದಣಿ ನಿರಾಕರಿಸುತ್ತದೆ. ‘ಗಾಣದ’ ಎಂಬುದು ಎಣ್ಣೆ ತೆಗೆದ ಬಗೆ. ಗಾಣಿಗರ ಕೇರಿಯಿರುವ ಊರುಗಳೆಲ್ಲ ಯಾರ ಅನುಮತಿ ಕೇಳಬೇಕು? ಎಣ್ಣೆಯದೇ ನಿದರ್ಶನವೂ ಇದೆ. ‘ಲೋಸಾರ್ಬ್’ ನೋಂದಣಿ ಹೊಂದಿದ್ದ ಮ್ಯಾರಿಕೊ, ಸನ್‌ಡ್ರಾಪ್ ಪೊಟ್ಟಣದ ‘ಲೋ ಅಬ್ಸಾರ್ಬ್’ ಮಾತನ್ನು ತಡೆಯಲು ಹೋಗಿ 2010ರಲ್ಲಿ ದೆಹಲಿ ಹೈಕೋರ್ಟ್‌ನಲ್ಲಿ ಸೋತಿತು. 2020ರಲ್ಲಿ ಮದ್ರಾಸ್ ಹೈಕೋರ್ಟ್, ನೂಡಲ್ಸ್‌ನ ‘ಮ್ಯಾಜಿಕ್ ಮಸಾಲಾ’ ಬರೀ ಹೊಗಳಿಕೆಯ ಮಾತು ಎಂದು ಐಟಿಸಿಯ ದಾವೆ ವಜಾ ಮಾಡಿತು. ಆದರೆ ಒಂದು ಅಪವಾದ ಉಂಟು: ದೀರ್ಘ ಬಳಕೆಯಿಂದ ಆ ಪದ ಕೇಳಿದೊಡನೆ ಗ್ರಾಹಕರಿಗೆ ಒಂದೇ ಕಂಪನಿ ನೆನಪಾಗುವಂತಾಗಿದ್ದರೆ ನೋಂದಣಿ ಸಿಗಬಹುದು. ಅದಕ್ಕೆ ಪುರಾವೆ ಒದಗಿಸಬೇಕಾದವರು ಹಕ್ಕು ಕೇಳುವವರು.

ನಿಮ್ಮ ಚೀಟಿ ನೋಡಿಕೊಳ್ಳಿ. 30 ಮತ್ತು 35ನೇ ಕಲಂಗಳು ಪ್ರಾಮಾಣಿಕ ವರ್ಣನೆಗೆ ರಕ್ಷಣೆ ಕೊಡುತ್ತವೆ. ನಿಮ್ಮ ಬ್ರ್ಯಾಂಡ್ ಹೆಸರು ದೊಡ್ಡದಾಗಿರಲಿ, ‘ಗಾಣದ ಎಣ್ಣೆ’ ಅದರ ಕೆಳಗೆ ಚಿಕ್ಕದಾಗಿರಲಿ. ಅವರ ಬಣ್ಣ, ಅಕ್ಷರಶೈಲಿ, ಬಾಟಲಿಯ ಆಕಾರ ನಕಲು ಮಾಡಿದ್ದರೆ ಪದ ಸಾಮಾನ್ಯವಾದರೂ ‘ಪಾಸಿಂಗ್ ಆಫ್’ (ತಮ್ಮ ಸರಕನ್ನು ಇನ್ನೊಬ್ಬರದೆಂದು ಬಿಂಬಿಸಿ ಮಾರುವುದು) ದಾವೆಯಲ್ಲಿ ಸಿಕ್ಕಿಬೀಳುತ್ತೀರಿ.

ಉತ್ತರ ಕೊಡಿ. ಟ್ರೇಡ್‌ಮಾರ್ಕ್ ವಕೀಲರ ಮೂಲಕ ಈ ಕಲಂಗಳನ್ನು ಹೆಸರಿಸಿ, ಹಳೆಯ ಬಿಲ್ಲು, ಲೇಬಲ್ ಪ್ರತಿ ಲಗತ್ತಿಸಿ. ಬೆದರಿಕೆಗೆ ಬುಡವೇ ಇಲ್ಲದಿದ್ದರೆ 142ನೇ ಕಲಂ ಅಡಿ ನೀವೇ ದಾವೆ ಹೂಡಬಹುದು. ನೋಂದಣಿಯೇ ತಪ್ಪಾಗಿದ್ದರೆ ರದ್ದತಿಗೆ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯಲ್ಲಿ (ನೋಂದಣಿ ಕಚೇರಿಯಲ್ಲಿ) ಟಿಎಂ-ಒ ನಮೂನೆ ಸಲ್ಲಿಸಿ. ಆನ್‌ಲೈನ್ ಶುಲ್ಕ ವರ್ಗವೊಂದಕ್ಕೆ 2,700 ರೂ. ನೋಂದಣಿ ಪಡೆದವರು ಕರ್ನಾಟಕದವರಾದರೆ ಚೆನ್ನೈ ಕಚೇರಿ. ಅರ್ಜಿ ಇನ್ನೂ ರಿಜಿಸ್ಟ್ರಿಯ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಹಂತದಲ್ಲಿದ್ದರೆ ಅದೇ ನಮೂನೆಯಲ್ಲಿ ವಿರೋಧ ಸಲ್ಲಿಸಬಹುದು. ಜರ್ನಲ್ ಪ್ರತಿ ಸೋಮವಾರ ಬರುತ್ತದೆ; ಪ್ರಕಟವಾದ ದಿನದಿಂದ 4 ತಿಂಗಳು ಮಾತ್ರ ಕಾಲಾವಕಾಶ, ವಿಸ್ತರಣೆ ಇಲ್ಲ.