ರೋಗಿ ಪೋಸ್ಟ್ ಹಾಕಿದರೆ ಕಾಮೆಂಟ್ ಬೇಡ, ಕರೆ ಮಾಡಿ

ಸರ್ಜರಿ ಮಾಡುವ ಗೆಳೆಯರಿಗೆ ಒಂದು ಸಲಹೆ. ನಿಮ್ಮ ರೋಗಿ ತನ್ನ ಆಪರೇಷನ್ ಬಗ್ಗೆ ಫೇಸ್‌ಬುಕ್‌ನಲ್ಲೋ ಇನ್‌ಸ್ಟಾಗ್ರಾಮ್‌ನಲ್ಲೋ ಬರೆದರೆ ಅಲ್ಲಿ ಉತ್ತರ ಕೊಡಬೇಡಿ. ದಾಖಲೆಯಲ್ಲಿರುವ ನಂಬರಿಗೆ ಅದೇ ದಿನ ನೀವೇ ಫೋನ್ ಮಾಡಿ, ಮಾತಾಡಿದ್ದನ್ನು ಕೇಸ್ ಶೀಟಿನಲ್ಲಿ ಬರೆದಿಡಿ. ಯಾಕಂದ್ರೆ, "ಹೊಲಿಗೆ ಈಗ ಹೇಗಿದೆ?" ಅಂತ ಪ್ರೀತಿಯಿಂದ ಕೇಳಿದರೂ ಅವರು ನಿಮ್ಮ ರೋಗಿ ಅಂತ ಎಲ್ಲರ ಮುಂದೆ ಒಪ್ಪಿಕೊಂಡಂತೆ. ಅವರು ತಮ್ಮ ವಿಷಯ ತಾವೇ ಹೇಳಿಕೊಳ್ಳಬಹುದು, ಅಷ್ಟಕ್ಕೇ ನಮ್ಮ ಗುಟ್ಟು ಕಾಯುವ ಹೊಣೆ ಮುಗಿಯುವುದಿಲ್ಲ. ಬೈದು ಬರೆದವರಿಗಂತೂ ಮೊದಲು ಫೋನ್ ಮಾಡಿ. ಹೆಚ್ಚಿನವರಿಗೆ ಬೇಕಿರುವುದು ಕೇಳಿಸಿಕೊಳ್ಳುವ ಒಬ್ಬರು, ಅಲ್ವಾ? ಪೋಸ್ಟ್ ತೆಗೆಯಿರಿ ಅಂತ ಮಾತ್ರ ಒತ್ತಾಯಿಸಬೇಡಿ, ನಂಬಿಕೆ ಅಲ್ಲೇ ಮುರಿಯುತ್ತದೆ. ಹೆಸರಿಲ್ಲದ ಖಾತೆಯಾದರೆ ಈ ದಾರಿ ನಡೆಯದು. ಆಗ "ಯಾರ ಚಿಕಿತ್ಸೆ ಬಗ್ಗೆಯೂ ಇಲ್ಲಿ ಮಾತಾಡುವುದಿಲ್ಲ, ತೊಂದರೆ ಇದ್ದವರು ಆಸ್ಪತ್ರೆಗೆ ಕರೆ ಮಾಡಿ" ಎಂಬ ಒಂದೇ ಸಾಲು ಸಾಕು. ಪೋಸ್ಟಿನಲ್ಲಿ ಜ್ವರ, ಗಾಯದಲ್ಲಿ ಕೀವು, ಮೀನಖಂಡದ ಊತ, ಉಸಿರಾಟದ ತೊಂದರೆ ಕಂಡರೆ ಸಂಜೆವರೆಗೆ ಕಾಯಬೇಡಿ. ತಕ್ಷಣ ಕರೆ ಮಾಡಿ. ಅವರು ಸಿಗದಿದ್ದರೆ, ದಾಖಲಾಗುವಾಗ ಬರೆಸಿದ ಮನೆಯವರ ನಂಬರಿಗೆ ಮಾಡಿ. ಬೆದರಿಕೆ ಇದ್ದರೆ ನೀವೊಬ್ಬರೇ ಮಾತಿಗಿಳಿಯದೆ ಆಡಳಿತದವರಿಗೆ ತಿಳಿಸಿ.