ಬಾಯಿಲೆಕ್ಕಕ್ಕೆ 'ಅರ್ಧ ಸುತ್ತು': ನನ್ನ ಅನುಭವ

ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಆರು, ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಆಯತದ ಸೂತ್ರ ಕೇಳಿದರೆ ಮಕ್ಕಳು ಒಂದೇ ರಾಗದಲ್ಲಿ ಒಪ್ಪಿಸುತ್ತಿದ್ದರು. "ಸುತ್ತಳತೆ 140 ಅಡಿ, ಉದ್ದ 40 ಅಡಿ. ಅಗಲ ಎಷ್ಟು? ಬರೆಯಬೇಡಿ, ಬಾಯಲ್ಲೇ ಹೇಳಿ" ಅಂದರೆ ಮಾತ್ರ ಎಲ್ಲ ಬೆಂಚಿನಿಂದಲೂ "ನೂರು ಸಾರ್!" ಅಂತ ಉತ್ತರ.

140ರಲ್ಲಿ 40 ಕಳೆದರೆ ನೂರು ನಿಜ. ಆದರೆ ಆ 140ರೊಳಗೆ ಉದ್ದ ಎರಡು ಸಲ ಇದೆ ಅನ್ನೋದು ಅವರಿಗೆ ಕಾಣುತ್ತಿರಲಿಲ್ಲ. ಸೂತ್ರವನ್ನು ಹತ್ತು ಸಲ ಬರೆಸಿದೆ. ಏನೂ ಉಪಯೋಗ ಆಗಲಿಲ್ಲ.

ಒಂದು ದಿನ ಎಲ್ಲರನ್ನೂ ಶಾಲೆ ಅಂಗಳಕ್ಕೆ ಕರೆದುಕೊಂಡು ಹೋದೆ. ರಂಗೋಲಿ ಪುಡಿಯಲ್ಲಿ ದೊಡ್ಡ ಆಯತ ಎಳೆದೆ. ಒಂದೇ ಮೂಲೆಯಲ್ಲಿ ಇಬ್ಬರು ಹುಡುಗಿಯರನ್ನು ನಿಲ್ಲಿಸಿ, ಒಬ್ಬಳಿಗೆ ಈ ಕಡೆಯಿಂದ, ಇನ್ನೊಬ್ಬಳಿಗೆ ಆ ಕಡೆಯಿಂದ ಗೆರೆ ಮೇಲೆ ನಡೆಯಲು ಹೇಳಿದೆ. ಎದುರು ಮೂಲೆಯಲ್ಲಿ ಇಬ್ಬರೂ ಸೇರಿದರು. "ಒಬ್ಬೊಬ್ಬರು ಎಷ್ಟು ನಡೆದರು?" ಅಂತ ಕೇಳಿದೆ. "ಸಗಂ ಸಾರ್!" ಅಂತ ಹಿಂದಿನಿಂದ ಒಬ್ಬ ಕೂಗಿದ. ನಮ್ಮ ಕಡೆ ಜಾಸ್ತಿ ಮಕ್ಕಳ ಮನೆಮಾತು ತೆಲುಗು. ಸಗಂ ಅಂದರೆ ಅರ್ಧ. ಒಂದು ಉದ್ದ, ಒಂದು ಅಗಲ ಸೇರಿದರೆ ಅರ್ಧ ಸುತ್ತು. ಅವತ್ತಿನಿಂದ ನಮ್ಮ ತರಗತಿಯಲ್ಲಿ ಅದಕ್ಕೆ ಅದೇ ಹೆಸರು.

ಈಗ ಸುತ್ತಳತೆ ಕೇಳಿದ ತಕ್ಷಣ ಮಕ್ಕಳು ಮೊದಲು ಅರ್ಧ ಮಾಡುತ್ತಾರೆ. 140ರ ಅರ್ಧ 70, ಅದರಲ್ಲಿ 40 ಹೋದರೆ 30. "ಅಯ್ಯೋ ಸಾರ್, ಇದು ಮೂವತ್ತು-ನಲವತ್ತು ಸೈಟು!" ಅಂತ ಒಬ್ಬಳು ಗುರುತು ಹಿಡಿದಳು. 1200 ಚದರ ಅಡಿ ಅನ್ನೋದು ಅವರಿಗೆ ಮೊದಲೇ ಗೊತ್ತು. ಮನೆಯಲ್ಲಿ ದಿನಾ ಕೇಳೋ ಮಾತು ಅಲ್ವಾ?

ಇಲ್ಲಿಂದ ಮುಂದಿನ ಪಾಠ ನನಗೆ ತುಂಬಾ ಇಷ್ಟ. 24 ಮೀಟರ್ ಹಗ್ಗ ಇದೆ, ಯಾವ ಆಯತ ಮಾಡಿದರೆ ಜಾಗ ಜಾಸ್ತಿ? ಅರ್ಧ ಸುತ್ತು 12. ಅದನ್ನು 6 ಮತ್ತು 6 ಮಾಡಿದರೆ 36 ಚದರ ಮೀಟರ್. 7 ಮತ್ತು 5 ಆದರೆ 35. 8 ಮತ್ತು 4 ಆದರೆ 32. 9 ಮತ್ತು 3 ಆದರೆ 27. ಹಲಗೆ ಮೇಲೆ ಇಷ್ಟು ಬರೆದು ನಾನು ಸುಮ್ನೆ ನಿಂತೆ. 36ಕ್ಕಿಂತ ಕಡಿಮೆಯಾದದ್ದು ಎಷ್ಟು? 1, 4, 9. ನಡುವಿನ ಸಂಖ್ಯೆಯಿಂದ ಎಷ್ಟು ದೂರ ಸರಿದೆವೋ ಅದರ ವರ್ಗದಷ್ಟು ಜಾಗ ಕಳೆಯುತ್ತದೆ. ಇದನ್ನು ನಾನು ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮಕ್ಕಳೇ ಹೇಳಿದರು.

ಇದೊಂದು ಕೈಗೆ ಸಿಕ್ಕರೆ ಗುಣಾಕಾರವೂ ಹಗುರ. 48 ಮತ್ತು 52ರ ನಡು 50. 2500ರಲ್ಲಿ 4 ಕಳೆದರೆ 2496. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. ಹಾಗಾದರೆ 32ಕ್ಕೆ 34 ಅಡಿಯ ಜಾಗ? ಒಂದು ಕಡಿಮೆ, 1088.

ಉಲ್ಟಾ ಲೆಕ್ಕವೂ ಬರುತ್ತದೆ. ಸುತ್ತಳತೆ 60, ವಿಸ್ತೀರ್ಣ 216. ಅರ್ಧ ಸುತ್ತು 30, ನಡು 15, ಅದರ ವರ್ಗ 225. 9 ಕಡಿಮೆ ಇದೆ, ಅಂದರೆ 3 ಸರಿದಿದೆ. ಬಾಹುಗಳು 18 ಮತ್ತು 12. ಏಳನೇ ತರಗತಿಗೆ ಇದು ಭಾರ ಅಂತ ಅಂದುಕೊಂಡಿದ್ದೆ. ಮೂರು ನಾಲ್ಕು ಮಕ್ಕಳಾದರೂ ಪೆನ್ನು ಮುಟ್ಟದೆ ಮಾಡುತ್ತಾರೆ.

ಅಳತೆ ಬೆರೆತಾಗ ಮಾತ್ರ ಈಗಲೂ ಎಡವುತ್ತಾರೆ. ಉದ್ದ ಮೀಟರ್‌ನಲ್ಲಿ, ಅಗಲ ಸೆಂಟಿಮೀಟರ್‌ನಲ್ಲಿ ಕೊಟ್ಟರೆ ಹಾಗೇ ಗುಣಿಸಿಬಿಡುತ್ತಾರೆ. ಅದಕ್ಕೆ ಸುಲಭದ ದಾರಿ ನನಗೆ ಸಿಕ್ಕಿಲ್ಲ. ಪ್ರತಿ ಸಲ ನಿಲ್ಲಿಸಿ ಕೇಳುತ್ತೇನೆ.

ದಿನದ ಮೊದಲ ಐದು ನಿಮಿಷ ಮನೆಯಿಂದ ತಂದ ಅಳತೆಗೆ ಮೀಸಲು. ನೆನ್ನೆ ಒಬ್ಬಳು ಅವರ ರೇಷ್ಮೆ ಹುಳು ಮನೆಯ ಅಳತೆ ತಂದಿದ್ದಳು. 50 ಅಡಿ ಉದ್ದ, 20 ಅಡಿ ಅಗಲ. "ಸಾರ್, ಸುತ್ತು ಮೂವತ್ತು-ನಲವತ್ತು ಸೈಟಿನಷ್ಟೇ ಇದೆ. ಜಾಗ 200 ಅಡಿ ಕಡಿಮೆ" ಅಂದಳು. ಹೇಗೆ ಅಂತ ಕೇಳಿದೆ. "ಎರಡಕ್ಕೂ ನಡು 35, ಅದರ ವರ್ಗ 1225. ಸೈಟು 5 ಸರಿದಿದೆ, 25 ಹೋಯ್ತು. ನಮ್ಮದು 15 ಸರಿದಿದೆ, 225 ಹೋಯ್ತು."